ಬಾಲ ನೋಡಿ ಹೆಸರು ಹೇಳ್ತೀನಿ

ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ಬಾಲದ ವಿಷಯದಲ್ಲಿ ನನ್ನನ್ನು ಮೀರಿಸೋನು ಸೇಲಂ ಜಿಲ್ಲೆಯಲ್ಲೇ ಇಲ್ಲ. ಇದನ್ನು ಸುಳ್ಳು ಅನ್ನೋ ಧೈರ್ಯ ಇದ್ದೋರು ನಂಗವಳ್ಳಿ ಪಕ್ಕದ ನಮ್ಮೂರಿಗೆ ಬಂದು ಕೇಳಿ. ನೂರು ಕುರಿ ನನಗೆ ಬೆನ್ನು ಹಾಕಿ ಹೋಗುತ್ತಿದ್ದರೂ ಬಾಲ ನೋಡಿಯೇ ಇದು ಮಾವನದು, ಇದು ಚಿಕ್ಕಪ್ಪನದು ಅಂತ ವಿಂಗಡಿಸುವವನು ನಾನು. ಇಂಥವನ ಮಾನವನ್ನು ಬೆರಳುದ್ದದ ಮೀನುಗಳು ಮತ್ತೆ ಮತ್ತೆ ಕಳೆಯುತ್ತವೆ ಅಂದರೆ ತಪ್ಪು ಮೀನುಗಳದ್ದೇ.

ಓಮಲೂರಿನಲ್ಲಿ ಒಂದು ಬಣ್ಣದ ಮೀನಿನ ಅಂಗಡಿ. ಅಲ್ಲಿ ಬೆಟ್ಟಾ ಅನ್ನೋ ಮೀನು ಜಾಸ್ತಿ. ಜನ ಫೈಟರ್ ಅಂತಾರೆ. ಎರಡು ಗಂಡು ಒಟ್ಟಿಗೆ ಬಿಟ್ಟರೆ ಕಚ್ಚಾಡುತ್ತವೆ, ಅದಕ್ಕೇ ಒಂದೊಂದಕ್ಕೂ ಒಂದೊಂದು ಬಾಟಲಿ. ಬಾಲದ ಆಕಾರ ನೋಡಿ ಜಾತಿ, ಜಾತಿ ನೋಡಿ ರೇಟು. ಬಾಲ ಗುರುತಿಸಿ ಬಾಟಲಿಗೆ ಚೀಟಿ ಅಂಟಿಸೋಕೆ ಒಬ್ಬ ಆಳು ಬೇಕಾಗಿತ್ತು. ಓನರು ಮೆಟ್ಟೂರು ಕಡೆಯವರು, ನಮ್ಮ ಭಾಷೆಯವರೇ.

"ಬಾಲ ಗೊತ್ತೇನ್ಲಾ?"

"ಅಣ್ಣಾ, ನಾನು ಬಾಲದ ನಡುವೆಯೇ ಉಟ್ಟಿ ಬೆಳೆದೋನು."

"ಸೇಲಂ ಮೀನು ಶೋ ಮುಗಿಯೋಗಂಟ ನೋಡ್ತೀನಿ. ಸರಿಯಾಗಿ ಮಾಡಿದ್ರೆ ಕೆಲಸ ನಿಂದು. ಇಲ್ಲಾಂದ್ರೆ ವಾಪಸ್ ಕುರಿ ಇಂದೆ ಓಗು."

ನಾನಾಗಲೇ ಊರಲ್ಲೆಲ್ಲ ಕೆಲಸ ಖಾಯಂ ಅಂತ ಸಾರಿಬಿಟ್ಟಿದ್ದೆ. ಅವ್ವನಿಗೆ ಮಾತ್ರ ಅನುಮಾನ.

"ಬೆಟ್ಟದ ಮೀನಾ? ಏರ್ಕಾಡ್ ಬೆಟ್ಟದಾಗೆ ಮೀನು ಎಲ್ಲೈತಲಾ?"

"ಅವ್ವಾ, ಬೆಟ್ಟ ಅಲ್ಲ. ಬೆಟ್ಟಾ... ಬೆಟ್ಟಾಆ!"

"ಉದ್ದಕ್ಕೆ ಎಳೆದ್ರೆ ಬೆಟ್ಟ ದೊಡ್ಡದಾಯ್ತದೆ, ಮೀನೇನು ಬರಾಕಿಲ್ಲ."

ವಾರ್ಡಿನಲ್ಲಿ ಐದು ಜನ

ಮೊದಲ ದಿನವೇ ಓನರು ಮಾಲು ತರೋಕೆ ಸೇಲಂಗೆ ಹೋದರು. ಅಂಗಡಿಗೆ ನಾನೇ ರಾಜ. ಬಾಟಲಿಗಳನ್ನು ನೋಡುತ್ತಾ ಬಂದರೆ ಒಂದು ಕೆಂಪು ಮೀನಿನ ಬಾಲ ಹರಿದು ಚಿಂದಿ ಚಿಂದಿ. ಎಳೆ ಎಳೆಯಾಗಿ, ಹಲ್ಲು ಮುರಿದ ಬಾಚಣಿಗೆ ಥರ. ಕರುಳು ಕಿತ್ತು ಬಂತು. ನಮ್ಮಲ್ಲಿ ಕುರಿಗೆ ಗಾಯವಾದರೂ ಅರಿಶಿನ, ನನಗೆ ಗಾಯವಾದರೂ ಅರಿಶಿನ. ಮೀನಿಗೂ ಒಂದು ಚಿಟಿಕೆ ಹಾಕಿದೆ. ಜೊತೆಗೆ ಕಲ್ಲುಪ್ಪು.

ಸಾಯಂಕಾಲ ಓನರು ಬಂದು ಬಾಟಲಿ ನೋಡಿ ನಿಂತುಬಿಟ್ಟರು.

"ಎನ್ನಡಾ ಇದು? ಮೀನ್ ಸಾರಾ?"

"ಅಣ್ಣಾ, ಬಾಲ ಅರಿದೋಗಿತ್ತು. ನಾನಿಲ್ದಿದ್ರೆ ಇವತ್ತು ಸತ್ತೇ ಓಗ್ತಿತ್ತು."

ಓನರು ಸ್ಟೂಲ್ ಎಳೆದುಕೊಂಡು ಕೂತರು. "ಲೇ, ಅದು ಕ್ರೌನ್ ಟೇಲು. ಕಿರೀಟದ ಥರ ಮುಳ್ಳು ಮುಳ್ಳಾಗೇ ಇರ್ತದೆ ಅದರ ಬಾಲ. ಅದಕ್ಕೇ ಜನ ಕಾಸು ಕೊಡೋದು!" ಅಂತ ನೀರು ಬದಲಾಯಿಸಿದರು. ಆಮೇಲೆ ಏನೋ ಹೊಳೆದಂತೆ ತಿರುಗಿ ಕೇಳಿದರು, "ಅಂಥವು ಇನ್ನೂ ನಾಲ್ಕು ಇದ್ವಲ್ಲ, ಎಲ್ಲಿ?"

ಬಾಗಿಲ ಹಿಂದೆ ಸಾಲಾಗಿ ಇಟ್ಟಿದ್ದ ನಾಲ್ಕು ಹಳದಿ ಬಾಟಲಿ ತೋರಿಸಿದೆ.

"ಅವು ಅಬ್ಸರ್ವೇಶನ್‌ನಲ್ಲಿ ಅವೆ ಅಣ್ಣಾ."

ವೇಲು

ಮಾರನೇ ದಿನ ಓನರು ಬಾಲಗಳ ಹೆಸರೆಲ್ಲ ಬಾಯಲ್ಲೇ ಹೇಳಿದರು. ಬರಕೋ ಅಂದರು. ನನ್ನ ತಲೆ ಇರುವಾಗ ನೋಟ್‌ಬುಕ್ ಯಾಕೆ?

ಅದರಲ್ಲಿ ಒಂದು ವೇಲ್ ಟೇಲ್. ಇದು ಕಷ್ಟವೇ ಅಲ್ಲ. ವೇಲು ಅಂದರೆ ಮುರುಗನ ಕೈಯಲ್ಲಿರೋ ವೇಲು, ಈಟಿ. ಒಂದು ಮೀನಿನ ಬಾಲ ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು, ಥೇಟ್ ಆಯುಧ. ತಮಿಳು ಅಕ್ಷರದಲ್ಲಿ 'ವೇಲ್' ಅಂತ ದೊಡ್ಡದಾಗಿ ಬರೆದು ಅದಕ್ಕೆ ಅಂಟಿಸಿದೆ. ಉದ್ದ ಬಾಲ ಕೆಳಗೆ ಜೋತುಬಿದ್ದಿದ್ದ ಇನ್ನೊಂದಕ್ಕೆ ಹೆಸರು ನೆನಪಾಗಲಿಲ್ಲ. 'ಸುಮ್ನೆ ಉದ್ದ' ಅಂತ ಬರೆದೆ. ಮಧ್ಯಾಹ್ನ ಬುತ್ತಿ ತಂದ ಓನರ ಅವ್ವ ವೇಲ್ ಚೀಟಿ ನೋಡಿ ಕೆನ್ನೆ ತಟ್ಟಿಕೊಂಡು, ಬಾಟಲಿಗೆ ಮೂರು ಪಟ್ಟೆ ವಿಭೂತಿ ಬಳಿದು ಹೋದರು.

ಅಷ್ಟರಲ್ಲಿ ಏರ್ಕಾಡ್‌ಗೆ ಹೊರಟಿದ್ದ ಬೆಂಗಳೂರಿನ ಮೇಡಮ್ಮು ಕಾರು ನಿಲ್ಲಿಸಿ ಒಳಗೆ ಬಂದರು.

"ವೇಲ್ ಟೇಲ್ ಇದ್ಯಾ?"

ಕೊಟ್ಟೆ.

"ಇದಲ್ಲಪ್ಪ."

"ಇದೇ ಮೇಡಮ್. ವಿಭೂತಿ ಕೂಡ ಇಟ್ಟೈತೆ ನೋಡಿ."

ಅವರು ಚೂಡಿದಾರದ ಮೇಲಿದ್ದ ಬಟ್ಟೆ ಎತ್ತಿ ಆಡಿಸಿದರು. "ವೇಲು ಅಂದ್ರೆ ಇದು ಕಣಪ್ಪ! ಹೀಗೆ ಜೋತು ಬೀಳಬೇಕು ಬಾಲ."

ನಾನು ಬಿಡ್ತೀನಾ? "ಮೇಡಮ್, ಅದು ಶಾಲು. ನಮ್ಮ ಜಿಲ್ಲೇಲಿ ಯಾರನ್ನ ಬೇಕಾದ್ರೂ ಕೇಳಿ. ಶಾಲ್ ಟೇಲ್ ಅಂತ ಮೀನೇ ಇಲ್ಲ."

ಓನರು ಒಳಗಿಂದ ಓಡಿ ಬಂದು 'ಸುಮ್ನೆ ಉದ್ದ' ಬಾಟಲಿ ತೆಗೆದುಕೊಟ್ಟರು. ಮೇಡಮ್ ಮುಖ ಅರಳಿತು. ತಮಿಳು ಅಕ್ಷರ ಓದೋಕೆ ಬಾರದ ಅವರು ಚೀಟಿ ತೋರಿಸಿ ಕೇಳಿದರು, "ಇಲ್ಲಿ ಏನು ಬರೆದಿದೆ?"

ಓನರು ನನ್ನನ್ನು ದುರುಗುಟ್ಟಿ ನೋಡುತ್ತಲೇ ಹೇಳಿದರು, "ಅದು ಸೈಂಟಿಫಿಕ್ ನೇಮು ಮೇಡಮ್."

ಓರಗಿತ್ತಿಯರು

ಹೆಣ್ಣು ಬೆಟ್ಟಾಗೆ ಗಂಡಿನ ಥರ ಉದ್ದ ಬಾಲ ಇರೋದಿಲ್ಲ, ಮೋಟು. ಇಷ್ಟು ಓನರು ಹೇಳಿದ್ದರು. ಮೋಟು ಬಾಲದ ಗಂಡೂ ಒಂದಿದೆ, ಅದಕ್ಕೆ ಪ್ಲಕಾಟ್ ಅಂತಾರೆ ಅನ್ನೋದನ್ನೂ ಹೇಳಿದ್ದರಂತೆ. ಆಗ ನಾನು ಟೀ ತರೋಕೆ ಹೋಗಿದ್ದಿರಬೇಕು.

ಒಬ್ಬರು ಸ್ಕೂಲ್ ಟೀಚರ್ ಬಂದು, "ಒಂದೇ ತೊಟ್ಟೀಲಿ ಜಗಳ ಆಡದೇ ಇರೋ ಎರಡು ಹೆಣ್ಣು ಕೊಡು ತಂಬಿ" ಅಂದರು. ಚೆನ್ನಾಗಿ ಗುಂಡಗುಂಡಗಿದ್ದ ಎರಡು ಮೋಟು ಬಾಲ ಆರಿಸಿಕೊಟ್ಟೆ. "ಅಕ್ಕ ತಂಗಿ ಥರ ಇರ್ತವೆ ಟೀಚರ್, ನನ್ನ ಗ್ಯಾರಂಟಿ."

ಒಂದೇ ಗಂಟೆಯಲ್ಲಿ ವಾಪಸ್. ಎರಡು ಕವರಿನಲ್ಲಿ ಎರಡು ಮೀನು. ಜೀವ ಇದೆ, ಬಾಲ ಮಾತ್ರ ಎಳೆ ಎಳೆ.

"ಇದೇನಾ ನಿನ್ನ ಅಕ್ಕ ತಂಗಿ?"

"ಓರಗಿತ್ತಿಯರು ಇರಬೇಕು ಟೀಚರ್."

ಓನರು ಕವರ್ ಎತ್ತಿ ಬೆಳಕಿಗೆ ಹಿಡಿದರು. "ಎರಡೂ ಗಂಡು ಕಣ್ಲಾ! ಪ್ಲಕಾಟು! ಈ ಬಾಲ ಇಟ್ಕೊಂಡು ಇವನ್ನ ಯಾರು ತಗೋತಾರೆ ಈಗ?"

ವ್ಯಾಪಾರ ನನ್ನ ರಕ್ತದಲ್ಲೇ ಇದೆ. ತಕ್ಷಣ ಹೇಳಿದೆ, "ಅಣ್ಣಾ, ಎಳೆ ಎಳೆ ಆಗವೆ ಅಂದ್ರೆ ಈಗ ಇವು ಕ್ರೌನ್ ಟೇಲೇ ಅಲ್ವಾ?"

ನೂರ ಎಂಬತ್ತು

ಶೋ ದಿನ ಬಂತು. ಸೇಲಂನ ಒಂದು ಕಲ್ಯಾಣ ಮಂಟಪ, ಮೇಜಿನ ತುಂಬ ಸಣ್ಣ ಸಣ್ಣ ಗಾಜಿನ ತೊಟ್ಟಿ. ನಮ್ಮ ಅಂಗಡಿಯಿಂದ ಒಂದೇ ಮೀನು, ನೀಲಿ. ಆರಿಸಿದ್ದು ನಾನು, ಹಾಫ್ ಮೂನ್ ಅಂತ ಬರೆಸಿದ್ದೂ ನಾನೇ. ಹಾಫ್ ಮೂನ್ ಅಂದರೆ ಬಾಲ ಬಿಚ್ಚಿದಾಗ ಸರಿಯಾಗಿ ಅರ್ಧ ಚಂದ್ರ ಆಗಬೇಕು, ನೂರ ಎಂಬತ್ತು ಡಿಗ್ರಿ. ಒಂಚೂರು ಕಮ್ಮಿಯಾದರೂ ಅದು ಡೆಲ್ಟಾ, ಹಾಫ್ ಮೂನ್ ಸಾಲಿನಿಂದ ಔಟ್.

ಓನರು ಕಿವಿ ಹತ್ತಿರ ಬಂದು ಕೇಳಿದರು, "ಗ್ಯಾರಂಟಿ ತಾನೇ?"

"ಅಲ್ದಿದ್ರೆ ನಾಳೆಯಿಂದ ಅಂಗಡಿ ಮೆಟ್ಲು ಅತ್ತಾಕಿಲ್ಲ ಅಣ್ಣಾ."

ಜಡ್ಜ್ ಬಂದರು. ಮೀನು ಮಡಿಚಿದ ಕೊಡೆ ಥರ ಬಾಲ ಮುದುಡಿಕೊಂಡು ಮೂಲೆಯಲ್ಲಿ ನಿಂತಿತ್ತು. ಜಡ್ಜ್ ಕನ್ನಡಿ ಹಿಡಿದರು. ಬೆಟ್ಟಾ ತನ್ನ ಬಿಂಬವನ್ನು ಶತ್ರು ಅಂದುಕೊಂಡು ರೇಗಿ ಬಾಲ ಬಿಚ್ಚಬೇಕು, ಅದು ಲೆಕ್ಕ. ನಮ್ಮದು ಕನ್ನಡಿ ನೋಡಿ ಆಕಳಿಸಿತು. ಜಡ್ಜ್ ಪೆನ್ನು ತೆಗೆದರು.

ನಾಳೆ ಕುರಿ ಹಿಂದೆ ಹೋದರೆ ಊರಿಗೆ ಏನು ಹೇಳಲಿ? ಬಗ್ಗಿ, ಗಾಜಿಗೆ ಮೂಗು ಒತ್ತಿ, ಹಲ್ಲು ಕಚ್ಚಿ ಬೇಡಿಕೊಂಡೆ. "ಲೇ, ಬಿಚ್ಚಲಾ! ನನ್ನ ಮಾನ ಉಳಿಸಲಾ!"

ಮೀನು ತಿರುಗಿತು. ನನ್ನ ಮುಖ ನೋಡಿತು. ಕಿವಿರು ಎರಡೂ ಗಡ್ಡದ ಥರ ಉಬ್ಬಿದವು, ಬಾಲ ಫಟ್ ಅಂತ ಪೂರ್ತಿ ಬಿಚ್ಚಿತು. ಸುತ್ತ ಇದ್ದವರೆಲ್ಲ "ಓಹೋ" ಅಂದರು. ಜಡ್ಜ್ ಗಾಜಿನ ಮೇಲೆ ಕೋನಮಾಪಕ ಇಟ್ಟರು.

"ನೂರ ಎಪ್ಪತ್ತು. ಡೆಲ್ಟಾ."

ನಮ್ಮ ಮೀನು ಔಟ್. ಓನರ ಕಡೆ ನೋಡೋ ಧೈರ್ಯ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನವರು ಹೆಗಲು ಮುಟ್ಟಿದರು, "ತಂಬಿ, ನಮ್ಮದೂ ಬಿಚ್ತಾ ಇಲ್ಲ. ಒಂಚೂರು ಬಂದು ನೋಡಪ್ಪ." ನೋಡಿದೆ. ಬಿಚ್ಚಿತು. ಅದರ ಪಕ್ಕದ್ದೂ ಬಿಚ್ಚಿತು. ಆಮೇಲೆ ಜಡ್ಜೇ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡು, ಸಾಲಿನುದ್ದಕ್ಕೂ ನನ್ನನ್ನು ಕೈ ಹಿಡಿದು ನಡೆಸಿಕೊಂಡು ಹೋದರು. ನನ್ನ ಮುಖ ಕಂಡು ಸುಮ್ಮನಿದ್ದ ಮೀನು ಆ ಮಂಟಪದಲ್ಲಿ ಒಂದೂ ಇಲ್ಲ.

ವಾಪಸ್ ಬಸ್ಸಿನಲ್ಲಿ ಬಂದು ಓಮಲೂರಲ್ಲಿ ಇಳಿಯುವಾಗ ಓನರು ಹೇಳಿದರು.

"ಇನ್ಮೇಲೆ ಬಾಲದ ಎಸರು ನಿನ್ನ ಬಾಯಲ್ಲಿ ಬರಬಾರದು. ಆದ್ರೆ ನಾಳೆ ಬೆಳಿಗ್ಗೆ ಏಳಕ್ಕೆ ಬಂದ್ಬಿಡು."

ಕೆಲಸ ಸಿಕ್ಕಿತು, ಖಾಯಂ. ದಿನಾ ಬೆಳಿಗ್ಗೆ ಒಂದು ಗಂಟೆ, ಮೀನುಗಳಿಗೆ ಬಾಲ ಬಿಚ್ಚೋ ಕಸರತ್ತು ಮಾಡಿಸೋಕೆ, ಒಂದೊಂದೇ ಬಾಟಲಿ ಮುಂದೆ ನಿಂತು ಮುಖ ತೋರಿಸೋದು.