ಲೆಕ್ಕಕ್ಕಿಂತ ಹೆಚ್ಚಾದ ಎರಡು ಕಾಲುಗಳು

ಮಾನ್ಯರೇ,

ನಮ್ಮ ಕೌಂಟಿಯ ಸಮಸ್ತ ಅಡುಗೆಮನೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ ಆಹಾರ ತಪಾಸಕರೂ, ಬೇರೆ ಗಂಡಸರು ಪೆನ್ನು ಸಿಕ್ಕಿಸುವ ಜೇಬಿಗೆ ಥರ್ಮಾಮೀಟರು ಸಿಕ್ಕಿಸುವವರೂ ಆದ ಶ್ರೀ ಲೈಲ್ ಟೊರ್ಗರ್ಸನ್ ಅವರಿಗೆ, ಪೈಕ್ ಬೆಂಡ್ ಶಾಲೆಯ ಅಡುಗೆಯವಳಾದ ಅರ್ಲೀನ್ ಡೆಫೋ ಎರಡೂ ಕೈ ಸೋಪು ಹಾಕಿ ತೊಳೆದುಕೊಂಡು, ತಲೆಗೆ ಬಲೆ ಹಾಕಿಕೊಂಡು ಬರೆಯುತ್ತಿರುವ ಪತ್ರವಿದು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ನಮ್ಮ ಉಗ್ರಾಣದ ಬೀರು ಮಾತ್ರ ಸೋಮವಾರದಿಂದ ತಮ್ಮ ಹಳದಿ ಪಟ್ಟಿ ಸುತ್ತಿಕೊಂಡು, ಬಾಯಿಗೆ ಸೀಲು ಹಾಕಿಸಿಕೊಂಡು ನಿಂತಿದೆ. ಎದುರಿಗೆ ನಿಂತು ಹೇಳಿದ್ದು ತಮಗೆ ಕೇಳಿಸಲಿಲ್ಲವಾದ್ದರಿಂದ, ಊರಿನವರೆಲ್ಲ ಓದಲೆಂದು ಇದನ್ನು ವಾರಪತ್ರಿಕೆಗೆ ಕೊಟ್ಟಿದ್ದೇನೆ. ಮನ್ನಿಸಬೇಕು.

ಮೊದಲು ಕೃತಜ್ಞತೆ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋದೀತು. ಈ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಅಡುಗೆ ಮಾಡಿದೆ ಎನ್ನುವುದು ಬಾಯಿಮಾತು. ನಿಜವಾಗಿ ಮಾಡಿದ್ದು ರಟ್ಟಿನ ಪೆಟ್ಟಿಗೆ ಕೊಯ್ಯುವ ಕೆಲಸ. ಲಾರಿಯಲ್ಲಿ ಕಲ್ಲಾಗಿ ಬರುತ್ತಿದ್ದ ಚೌಕದ ಪಿಜ್ಜಾ, ಕೋಳಿಯ ಯಾವ ಭಾಗದ್ದೆಂದು ಕೋಳಿಗೂ ಗೊತ್ತಿಲ್ಲದ ಉಂಡೆಗಳು, ಬಟ್ಟೆಗೆ ಬಿದ್ದರೆ ಜನ್ಮದಲ್ಲಿ ಹೋಗದ ಕಿತ್ತಳೆ ಬಣ್ಣದ ಚೀಸು, ಇವನ್ನೆಲ್ಲ ಓವನ್ನಿಗೆ ತಳ್ಳಿ, ಅದು ಕೂಗಿದಾಗ ಹೊರಗೆಳೆದು ಬಡಿಸುತ್ತಿದ್ದೆ. ಮಕ್ಕಳು ಅರ್ಧ ತಿಂದು ಅರ್ಧ ಬಿಸಾಡುತ್ತಿದ್ದರು. ತಾವು ಪ್ರತಿವರ್ಷವೂ ಬಂದು, ಥರ್ಮಾಮೀಟರನ್ನು ಆ ಉಂಡೆಯ ಹೊಟ್ಟೆಗೆ ಚುಚ್ಚಿ, ನೂರಕ್ಕೆ ನೂರು ಕೊಟ್ಟು ಹೋಗುತ್ತಿದ್ದಿರಿ. ಆ ಹದಿನಾಲ್ಕು ಪ್ರಮಾಣಪತ್ರಗಳನ್ನೂ ಫ್ರಿಜ್ಜಿನ ಪಕ್ಕದಲ್ಲಿ ಸಾಲಾಗಿ ತೂಗುಹಾಕಿದ್ದೇನೆ.

ಹಾಗೆ ಸುಖವಾಗಿದ್ದ ನಮ್ಮ ಸಂಸಾರಕ್ಕೆ ಹುಳಿ ಹಿಂಡಿದವನು ಮಾರ್ಲನ್ ಗರ್ನೋ. ನಮ್ಮೂರಿನ ಹುಡುಗನೇ, ಈಗ ಮಿನಿಯಾಪೊಲಿಸ್‌ನ ದೊಡ್ಡ ಹೋಟೆಲೊಂದರ ಮುಖ್ಯ ಬಾಣಸಿಗ. ಬಾಣಸಿಗರು ಶಾಲೆಗೆ ಬಂದು ಆಯಾ ಊರಿನ ಅಡುಗೆಯನ್ನು ಮಕ್ಕಳಿಗೆ ಕಲಿಸಬೇಕೆಂಬ ಏರ್ಪಾಡಿನಲ್ಲಿ, ಪ್ರತಿ ಮಂಗಳವಾರ ತನ್ನ ರಜೆಯ ದಿನ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬರುತ್ತಾನೆ. ಮೊದಲ ದಿನ ಐದನೇ ತರಗತಿಯ ಇಪ್ಪತ್ತೊಂದು ಮಕ್ಕಳನ್ನು ನಿಲ್ಲಿಸಿಕೊಂಡು, “ನಮ್ಮೂರಿನ ಊಟ ಯಾವುದು ಹೇಳ್ರೋ ನೋಡೋಣ” ಅಂದ. ಒಬ್ಬಳು “ಪಿಜ್ಜಾ” ಅಂದಳು. ಪಕ್ಕದವನು “ಬರೀ ಪಿಜ್ಜಾ ಅಲ್ಲ ಸಾರ್, ಚೌಕದ್ದು” ಎಂದು ತಿದ್ದಿದ. ಮಾರ್ಲನ್ ಸ್ಟೂಲಿನ ಮೇಲೆ ಕುಸಿದು ಕೂತ. ಆಮೇಲೆ ನನ್ನ ಕಡೆ ತಿರುಗಿ, “ಅತ್ತೆ, ಆ ಕತ್ತರಿ ಒಳಗಿಡು, ಚಾಕು ತೆಗಿ” ಅಂದ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೋಳು. ಆ ಮಕ್ಕಳು ಈಗ ಮೀನಿನ ಮುಳ್ಳು ಬಿಡಿಸುತ್ತಾರೆ, ಕುಂಬಳಕಾಯಿ ಸುಡುತ್ತಾರೆ, ನನ್ನ ಸಾರಿಗೆ ಚಮಚ ಅದ್ದಿ “ಉಪ್ಪು ಮುಂದಾಯ್ತು ಅತ್ತೆ” ಎಂದು ನನಗೇ ಪಾಠ ಹೇಳುತ್ತಾರೆ. ತಟ್ಟೆಯಲ್ಲಿ ಏನೂ ಉಳಿಯದೆ ಕಸದ ಡಬ್ಬಿ ಖಾಲಿ ಬಿದ್ದಿದೆ. ಮೊದಲು ಹನ್ನೊಂದೂವರೆಗೆ ಕೆಲಸ ಮುಗಿಸಿ ಕೂರುತ್ತಿದ್ದವಳು ಈಗ ಎರಡು ಗಂಟೆಯಾದರೂ ನಿಂತೇ ಇರುತ್ತೇನೆ. ಇದರ ಬಗ್ಗೆ ತಾವೊಂದು ವರದಿ ಬರೆದಿದ್ದರೆ ನಾನು ತಮ್ಮ ಪರವೇ ಸಾಕ್ಷಿ ಹೇಳುತ್ತಿದ್ದೆ.

ಸೆಪ್ಟೆಂಬರ್ ಬಂತು, ಮನೋಮಿನ್ ಬಲಿಯಿತು. ಸರೋವರದ ನೀರಿನಲ್ಲಿ ಯಾರೂ ಬಿತ್ತದೆ ಬೆಳೆಯುವ, ಹೊರಗಿನವರು ಕಾಡಕ್ಕಿ ಎನ್ನುವ ಕಾಳು. ಮಕ್ಕಳು ದೊಡ್ಡವರ ಜೊತೆ ದೋಣಿಯಲ್ಲಿ ಹೋಗಿ, ತೆನೆ ಬಾಗಿಸಿ, ಕೋಲಿನಲ್ಲಿ ತಟ್ಟಿ ಉದುರಿಸಿ ತಂದರು, ಬಿಸಿಲಿಗೆ ಹರಡಿದರು, ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ ಕಬ್ಬಿಣದ ಬಾಣಲೆಯಲ್ಲಿ ಹುರಿದರು. ಇನ್ನು ಹೊಟ್ಟು ಬಿಡಿಸಬೇಕಲ್ಲ, ಅದನ್ನು ನಮ್ಮಲ್ಲಿ ಕುಣಿದೇ ಬಿಡಿಸುವುದು. ಮರದ ಹಲಗೆ ಹಾಸಿದ ಗುಳಿಗೆ ಕಾಳು ಸುರಿದು, ಆ ಕೆಲಸಕ್ಕೆಂದೇ ಹೊಲಿದ ಹೊಸ ಮೆತ್ತನೆಯ ಚರ್ಮದ ಜೋಡು ತೊಟ್ಟು, ಎರಡೂ ಪಕ್ಕದ ಗಳುಗಳ ಮೇಲೆ ಮೈಭಾರ ಹಾಕಿ ಹಗುರವಾಗಿ ಕುಣಿಯಬೇಕು. ನನ್ನಂಥವಳು ಇಳಿದರೆ ಅಕ್ಕಿಯೆಲ್ಲ ನುಚ್ಚು. ಆದ್ದರಿಂದ ಅದು ಮೊದಲಿನಿಂದಲೂ ಮಕ್ಕಳ ಪಾಲಿನ ಕೆಲಸ.

ಇಲ್ಲಿ ಮಾರ್ಲನ್ ಒಂದು ತಪ್ಪು ಮಾಡಿದ. ಅಡುಗೆಮನೆಯಲ್ಲಿ ಹೊಸತೇನು ಮಾಡಿದರೂ ತಮ್ಮ ಕಚೇರಿಗೆ ಫಾರಂ ತುಂಬಿ ಕಳಿಸಬೇಕಷ್ಟೆ. ಅವನು ಅದನ್ನು ನಿಜವನ್ನೇ ಬರೆದು ತುಂಬಿದ. ಸರಬರಾಜುದಾರರು: ಸರೋವರ. ಗಾಳಿ ಬೆಳಕಿನ ವ್ಯವಸ್ಥೆ: ಗಾಳಿ, ಬೆಳಕು. ಬಳಸುವ ಉಪಕರಣ: ಕಾಲು. ಸಂಖ್ಯೆ: ನಲವತ್ತೆರಡು. ಸ್ಥಿತಿ: ಉತ್ತಮ. ನಾನು ನೋಡಿ, “ಅಯ್ಯೋ ಮಾರಾಯ, ಏನಾದ್ರೂ ಯಂತ್ರದ ಹೆಸರು ಬರೆದು ಸಾಗಹಾಕು” ಅಂದೆ. “ಸುಳ್ಳು ಬರೆಯೋಕೆ ಮಕ್ಕಳ ಎದುರಿಗೆ ಹ್ಯಾಗೆ ಆಗುತ್ತೆ ಅತ್ತೆ?” ಅಂದ. ನೋಡಿ, ಪಟ್ಟಣದಲ್ಲಿ ಅಷ್ಟು ವರ್ಷ ಇದ್ದೂ ಬುದ್ಧಿ ಕಲಿತಿಲ್ಲ.

ಶನಿವಾರ ಕುಣಿದದ್ದಾಯಿತು, ಮಾರ್ಲನ್ ಅದಕ್ಕೆಂದೇ ಇನ್ನೊಂದು ರಜೆ ಹಾಕಿ ಬಂದಿದ್ದ. ಸೋಮವಾರ ಬೆಳಿಗ್ಗೆ ತಾವು ಚಿತ್ತೈಸಿದಿರಿ. ಉಪಕರಣಗಳ ಸೀರಿಯಲ್ ನಂಬರು ಕೇಳಿದಿರಿ. ಅವು ಸ್ಟೇನ್‌ಲೆಸ್ ಸ್ಟೀಲಿನವೋ, ಪ್ಲಾಸ್ಟಿಕ್ಕಿನವೋ, ಬಳಸಿದ ಮೇಲೆ ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುತ್ತೀರೋ ಎಂದು ಕೇಳಿದಿರಿ. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ತಾವೂ ಸ್ವಲ್ಪ ಸಂಕೋಚದಿಂದಲೇ, “ನಾನು ಕೇಳ್ತಿಲ್ಲಮ್ಮ, ಫಾರಂ ಕೇಳ್ತಿದೆ” ಅಂದಿರಿ. ಆಮೇಲೆ ಹಿತ್ತಲಿಗೆ ಹೋಗಿ ತಂತಿಯ ಮೇಲೆ ತೂಗುಹಾಕಿದ್ದ ಚರ್ಮದ ಜೋಡುಗಳನ್ನು ಬೆರಳು ಮಡಚಿ ಎಣಿಸಿದಿರಿ. ಮತ್ತೊಮ್ಮೆ ಎಣಿಸಿದಿರಿ. “ಮಕ್ಕಳು ಇಪ್ಪತ್ತೊಂದು. ಜೋಡು ಇಪ್ಪತ್ತೆರಡು. ಇನ್ನೆರಡು ಕಾಲು ಯಾರದು?” ಎಂದು ಕೇಳಿದಿರಿ. “ಹೇಳ್ತೀನಿ ಕೇಳಿ ಸಾರ್” ಅಂತ ನಾನು ಶುರುಮಾಡಿದೆ, ತಮ್ಮ ಕಿವಿ ಫಾರಂ ಒಳಗಿತ್ತು. ತಾವು ಅರವತ್ತೊಂದು ಅಂಕ ಕೊಟ್ಟು, “ಘೋಷಿಸದ ಎರಡು ಉಪಕರಣಗಳು ಪತ್ತೆ” ಎಂದು ಬರೆದು, ಕಾರಣ ಹೇಳುವವರೆಗೆ ಮೂವತ್ತು ಪೌಂಡು ಅಕ್ಕಿಯನ್ನು ಬೀರುವಿನಲ್ಲಿಟ್ಟು ಸೀಲು ಹಾಕಿ ಹೋದಿರಿ. ಶುಕ್ರವಾರ ಊರಿನ ಹಿರಿಯರಿಗೆ ಮಕ್ಕಳು ಬಡಿಸಬೇಕಿದ್ದ ಅಕ್ಕಿ ಅದು.

ಕಾರಣ ಹೇಳುತ್ತೇನೆ, ಕೇಳಿಸಿಕೊಳ್ಳಿ. ತಾವು ಹಾಗೆ ಕೇಳಿದಾಗ ಹಿತ್ತಲ ಮೂಲೆಯ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದರು, ಗಮನಿಸಿದಿರೋ ಇಲ್ಲವೋ. ತಾವು ಉಪಕರಣಗಳನ್ನು ನೋಡುತ್ತಿದ್ದಿರಿ. ಅವರು ಜೆನೆವೀವ್ ಅಜ್ಜಿ, ವಯಸ್ಸು ತೊಂಬತ್ತೊಂದು, ನಮ್ಮ ಐದನೇ ತರಗತಿಯ ಬಿನೇಸಿ ಎಂಬ ಹುಡುಗಿಯ ಮುತ್ತಜ್ಜಿ. ತಮ್ಮ ಪ್ರಶ್ನೆ ಕೇಳಿ ಅಜ್ಜಿ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಕಾಗದ ಹಿಡಿದ ಅಧಿಕಾರಿ ಬಂದಾಗ ಉಸಿರೆತ್ತಬಾರದೆಂದು ಅವರು ಆರನೇ ವಯಸ್ಸಿಗೇ ಕಲಿತಿದ್ದಾರೆ. ಆ ವರ್ಷ ಅವರ ಸರದಿಯಿತ್ತು. ಮೊದಲ ಸಲ ಗುಳಿಗೆ ಇಳಿಯಲೆಂದು ಅವರಮ್ಮ ಪುಟ್ಟ ಜೋಡು ಹೊಲಿದಿಟ್ಟಿದ್ದರು. ಅಕ್ಕಿ ಬಲಿಯುವ ಎರಡು ವಾರ ಮುಂಚೆ, ನಮ್ಮಂಥ ಮೂಲನಿವಾಸಿಗಳ ಮಕ್ಕಳಿಗೆ ಅವರ ಮಾತು, ಊಟ ಮರೆಸಲೆಂದೇ ಇದ್ದ ಸರ್ಕಾರದ ವಸತಿ ಶಾಲೆಯ ಬಸ್ಸು ಬಂದು ಮಕ್ಕಳನ್ನು ತುಂಬಿಕೊಂಡು ಹೋಯಿತು. ಅಲ್ಲಿ ಅಜ್ಜಿ ಕಲಿತದ್ದು ಬೇರೆಯವರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವುದನ್ನು. ಹದಿನಾರಕ್ಕೆ ಮನೆಗೆ ಬಂದಾಗ ಮೈ ಬೆಳೆದಿತ್ತು, ಗುಳಿಯಲ್ಲಿ ಬೇರೆ ಮಕ್ಕಳಿದ್ದರು. ಆಮೇಲೆ ಊರಿಗೆ ಯಂತ್ರ ಬಂತು, ಗುಳಿಯನ್ನೇ ಮುಚ್ಚಿದರು.

ಶನಿವಾರ ಅಜ್ಜಿ ಶಾಲು ಹೊದ್ದು ಸುಮ್ಮನೆ ನೋಡುತ್ತ ಕೂತಿದ್ದರು. ತನ್ನದು ಮುಗಿದ ಮೇಲೆ ಬಿನೇಸಿ ಹೋಗಿ ಕೈ ಹಿಡಿದು, “ಏಳಜ್ಜಿ, ಈಗ ನಿನ್ನ ಸರದಿ” ಅಂದಳು. “ನಾನು ನುಚ್ಚು ಮಾಡಿಬಿಡ್ತೀನಿ ಕಣೇ” ಅಂದರು ಅಜ್ಜಿ. “ನೀನಾ? ನಿನ್ನ ತೂಕ ನನಗಿಂತ ಕಡಿಮೆ” ಅಂತು ಆ ಪೋರಿ. ನಿಜವೇ, ಅಜ್ಜಿ ಈಗ ಮತ್ತೆ ಮಗುವಿನಷ್ಟೇ ಹಗುರ. ಯಾರೋ ಹೆಚ್ಚಿಗೆ ಹೊಲಿದಿಟ್ಟಿದ್ದ ಜೋಡು ತೊಡಿಸಿದರು, ಇಬ್ಬರು ಹಿಡಿದು ಇಳಿಸಿದರು, ಗಳು ಹಿಡಿದುಕೊಂಡು ಅಜ್ಜಿ ಕುಣಿದರು. ಐದು ನಿಮಿಷವೂ ಇರಲಿಲ್ಲ. ಒಂದು ಕಾಳೂ ಮುರಿಯಲಿಲ್ಲ. ಈರುಳ್ಳಿಯೇ ಇಲ್ಲದ ಜಾಗದಲ್ಲಿ ಮಾರ್ಲನ್ ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ, ಅದಕ್ಕೂ ಅಂಕ ಕಳೆಯುವುದಿದ್ದರೆ ಕಳೆಯಿರಿ.

ಆ ಎರಡು ಕಾಲು ಇವು, ಮಾನ್ಯರೇ. ನನಗೆ ನಿಜವಾಗಿ ಸಿಟ್ಟು ಬಂದಿದೆ, ಆದರೆ ಮರ್ಯಾದೆಯ ಪತ್ರವಾದ್ದರಿಂದ ವಿನಂತಿಗಳನ್ನಷ್ಟೇ ಮಾಡುತ್ತೇನೆ. ನಲವತ್ನಾಲ್ಕು ಕಾಲುಗಳನ್ನೂ ಕುದಿಯುವ ನೀರಿನ ಯಂತ್ರದಲ್ಲಿ ತೊಳೆಯಬೇಕೆಂಬ ತಮ್ಮ ಸಲಹೆ ಬಹಳ ಒಳ್ಳೆಯದು. ಮೊದಲು ತಮ್ಮ ಎರಡನ್ನು ಹಾಕಿ ತೋರಿಸಿಕೊಟ್ಟರೆ ಮಕ್ಕಳಿಗೆ ಧೈರ್ಯ ಬರುತ್ತದೆ. ಸರಬರಾಜುದಾರರ ಸಹಿ ಬೇಕೆಂದಿದ್ದೀರಿ. ಫಾರಂ ಹಿಡಿದು ದೋಣಿಯಲ್ಲಿ ಹೋಗಿದ್ದೆ, ಸರೋವರ ಕಾಗದವನ್ನು ಒದ್ದೆ ಮಾಡಿ ಕಳಿಸಿತು, ಅದನ್ನೇ ಸಹಿಯೆಂದು ತಿಳಿಯಬೇಕು. ಅಕ್ಕಿ ತೂರುವಾಗ ಬೀಸಿದ ಗಾಳಿಯ ಫಿಲ್ಟರು ಯಾವಾಗ ಬದಲಾಯಿಸಿದ್ದೆಂದು ಕೇಳಿದ್ದೀರಿ. ಗಾಳಿ ಪಶ್ಚಿಮದಿಂದ ಬಂದದ್ದು, ಅಂದರೆ ತಮ್ಮ ಕಚೇರಿಯ ಕಡೆಯಿಂದ, ಆದ್ದರಿಂದ ತಾವೇ ಹೇಳಬೇಕು. ಕೊನೆಯದಾಗಿ, ಎರಡು ಉಪಕರಣಗಳನ್ನು ತಡವಾಗಿ ಘೋಷಿಸಿದ್ದಕ್ಕೆ ಕ್ಷಮಿಸಿ. ಎಂಬತ್ತೈದು ವರ್ಷ ತಡವಾಗಿದೆ. ಆದರೆ ಆ ತಡ ನಮ್ಮಿಂದಾದದ್ದಲ್ಲ.

ಶುಕ್ರವಾರ ಹನ್ನೆರಡಕ್ಕೆ ಊಟ. ತಾವು ಹನ್ನೊಂದಕ್ಕೇ ಬಂದು ಸೀಲು ತೆಗೆದು, ಕೈ ತೊಳೆದುಕೊಂಡು ಪಂಕ್ತಿಯಲ್ಲಿ ಕೂರಬೇಕೆಂದು ಕೋರುತ್ತೇನೆ. ಥರ್ಮಾಮೀಟರಿಗೂ ಒಂದು ಎಲೆ ಹಾಕಿಸುತ್ತೇನೆ.

ಹದಿನಾಲ್ಕು ವರ್ಷ ನೂರಕ್ಕೆ ನೂರು ಪಡೆದು, ಈಗ ಅರವತ್ತೊಂದಕ್ಕೆ ಹೆಮ್ಮೆಪಡುತ್ತಿರುವ,

ತಮ್ಮ ವಿಶ್ವಾಸಿ,
ಅರ್ಲೀನ್ ಡೆಫೋ
ಪೈಕ್ ಬೆಂಡ್ ಶಾಲೆಯ ಅಡುಗೆಮನೆ

ಮರೆತ ಮಾತು: ತಾವು ಹಾಕಿದ ಸೀಲು ಇದ್ದ ಹಾಗೇ ಇದೆ, ಒಂದು ಎಳೆಯೂ ಹರಿದಿಲ್ಲ. ಆದರೆ ಹೋದ ಮಾರ್ಚಿನಲ್ಲಿ ಅದೇ ಬೀರುವಿನ ಹಿಂಬದಿಯ ಹಲಗೆ ಕೊಳೆತಿದೆ, ಕೂಡಲೇ ಕಿತ್ತುಹಾಕಿ ಎಂದು ತಾವೇ ಬರೆದುಕೊಟ್ಟಿದ್ದಿರಿ. ಆಜ್ಞೆ ಮೀರುವವರಲ್ಲ ನಾವು, ಅಂದೇ ಕಿತ್ತುಹಾಕಿದ್ದೇವೆ. ತಮ್ಮ ಫಾರಂನ ಕೊನೆಯ ಪುಟದಲ್ಲಿ “ಒಪ್ಪಿಗೆಯಿರುವ ಒಬ್ಬ ವಯಸ್ಕರು ತಿಂದು ನೋಡಿದ ಫಲಿತಾಂಶ” ಎಂಬ ಖಾಲಿ ಜಾಗವಿತ್ತು. ಅದನ್ನು ಖಾಲಿ ಬಿಡಬಾರದೆಂದು ನಿನ್ನೆ ಮಂಗಳವಾರ ಮಧ್ಯಾಹ್ನ ಮಾರ್ಲನ್ ಒಂದು ಪಾತ್ರೆ ಬೇಯಿಸಿದ. ವಯಸ್ಕರ ವಯಸ್ಸು ತೊಂಬತ್ತೊಂದು. ಎರಡು ಬಟ್ಟಲು ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರು. “ಸಾಕು ಅಜ್ಜಿ, ಶುಕ್ರವಾರಕ್ಕೆ ಉಳಿಸು” ಅಂದರೆ ಕೇಳಲಿಲ್ಲ. “ಇದರಲ್ಲಿ ನನ್ನ ಕಾಲಿನ ಅಕ್ಕಿ ಯಾವುದು ಅಂತ ಗೊತ್ತಾಗ್ತಿಲ್ವಲ್ಲೇ,” ಅಂದರು, “ಅದಕ್ಕೇ ಎಲ್ಲಾನೂ ತಿನ್ಬೇಕು.”