ಅಸ್ತು ದೇವತೆಗಳು ಮತ್ತು ಕೇಸ್ ಮ್ಯಾನೇಜರ್

ನಮ್ಮ ಮನೆಗೆ ಸರ್ಕಾರದಿಂದ ಒಂದು ಕಾಗದ ಬಂತೆಂದರೆ ಅದರ ಹಿಂದೆಯೇ ಒಂದು ಎಡವಟ್ಟೂ ಬರುತ್ತದೆ. ಎರಡಕ್ಕೂ ನಮ್ಮ ವಿಳಾಸ ಬಾಯಿಪಾಠವಾಗಿದೆ.

ಮೊದಲು ಮನೆಯವರ ಪರಿಚಯ. ನಾವಿರುವುದು ಅಮೆರಿಕದ ಈಸ್ಟ್‌ಗೇಟ್‌ನಲ್ಲಿ, ಹೆದ್ದಾರಿಯ ಸದ್ದು ಅಡುಗೆಮನೆಗೂ ಕೇಳಿಸುವಷ್ಟು ಹತ್ತಿರ. ನಾನು ಮೈಸೂರಿನವನು, ಹೆಂಡತಿ ಹುಬ್ಬಳ್ಳಿಯವಳು, ಹನ್ನೊಂದು ವರ್ಷದ ಮಗಳು ಇಲ್ಲಿಯವಳು. ಅವಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ನಡೆಯುವುದು, ಮಾತಾಡುವುದು ಅವಳ ಇಲಾಖೆಗೆ ಸೇರಿಲ್ಲ. ನಗುವುದು, ಹಟ ಮಾಡುವುದು, ಅಪ್ಪನ ಮರ್ಯಾದೆ ಕಳೆಯುವುದು ಸೇರಿವೆ. ಗಾಲಿಕುರ್ಚಿಗೆ ಸಿಕ್ಕಿಸಿದ ಟ್ಯಾಬ್ಲೆಟ್ಟಿನ ಮೇಲೆ ಚಿತ್ರಗಳಿವೆ. ಬೇಕಾದ ಚಿತ್ರವನ್ನು ಅವಳು ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತದೆ.

ಇಂಥ ಮಕ್ಕಳಿರುವ ಮನೆಗೆ ನಮ್ಮ ರಾಜ್ಯ ಸರ್ಕಾರ ಕೈಗೆ ದುಡ್ಡು ಕೊಡುವುದಿಲ್ಲ, ಗಂಟೆ ಕೊಡುತ್ತದೆ. ಅಂದರೆ ತಿಂಗಳಿಗೆ ಇಷ್ಟು ಗಂಟೆ ಒಬ್ಬ ಕೇರ್‌ಗಿವರ್ ಬಂದು ಮಗುವನ್ನು ನೋಡಿಕೊಳ್ಳಬಹುದು, ಆಕೆಯ ಸಂಬಳ ಸರ್ಕಾರದ್ದು. ನಮ್ಮ ಪಾಲಿಗೆ ಬಂದವಳು ಡುವಾಲ್ ಎಂಬ ದೂರದ ಹಳ್ಳಿಯಿಂದ ಕಾರು ಓಡಿಸಿಕೊಂಡು ಬರುವ ಅರವತ್ತರ ಹೆಂಗಸು. ಊರಲ್ಲಿ ಕೋಳಿ ಸಾಕಿದ್ದಾಳೆ, ಯಾರಿಗೂ ಹೆದರುವವಳಲ್ಲ. ಅವಳು ಇರುವುದರಿಂದಲೇ ನನ್ನ ಹೆಂಡತಿ ಫ್ಯಾಕ್ಟೋರಿಯಾದ ಆಫೀಸಿಗೆ ಹೋಗಿಬರುತ್ತಿದ್ದಾಳೆ. ಮಗಳಂತೂ ಅವಳ ಕಾರಿನ ಸದ್ದು ಕೇಳಿದರೆ ಅಪ್ಪ ಅಮ್ಮ ಇಬ್ಬರನ್ನೂ ಮರೆಯುತ್ತಾಳೆ. ವರ್ಷಕ್ಕೊಮ್ಮೆ ಕೇಸ್ ಮ್ಯಾನೇಜರ್ ಎಂಬ ಸರ್ಕಾರಿ ಅಧಿಕಾರಿ ಮನೆಗೆ ಬಂದು, ಪ್ರಶ್ನೆ ಕೇಳಿ, ಈ ಗಂಟೆಗಳನ್ನು ಉಳಿಸಬಹುದು ಅಥವಾ ಕತ್ತರಿಸಬಹುದು. ಕತ್ತರಿಸಿದರೆ ಡುವಾಲಿನವಳು ಬೇರೆ ಮನೆ ನೋಡಿಕೊಳ್ಳಬೇಕು, ನನ್ನ ಹೆಂಡತಿ ಬೇರೆ ಕೆಲಸ ನೋಡಿಕೊಳ್ಳಬೇಕು. ಇಷ್ಟು ತಿಳಿದಿದ್ದರೆ ಸಾಕು.

ಅರ್ಜಿಯೋ ಜಾತಕವೋ

ಮೊಟ್ಟಮೊದಲ ಅರ್ಜಿ ತುಂಬಿದ್ದು ನಾನು. ಆಗ ಮಗಳಿಗೆ ನಾಲ್ಕು ವರ್ಷ. 'ನಿಮ್ಮ ಮಗುವಿನ ಬಗ್ಗೆ ವಿವರಿಸಿ' ಎಂದು ಮುಕ್ಕಾಲು ಪುಟ ಖಾಲಿ ಬಿಟ್ಟಿದ್ದರು. ಮಕ್ಕಳ ಬಗ್ಗೆ ಬರೆಯಲು ಖಾಲಿ ಜಾಗ ಸಿಕ್ಕರೆ ನಮ್ಮವರ ಕೈ ತಾನಾಗಿ ಬಡಾಯಿಯ ಕಡೆ ಹೊರಳುತ್ತದೆ. ಬೆಂಗಳೂರಿನಲ್ಲಿ ಎಲ್‌ಕೆಜಿ ಸೀಟಿಗೆ ಬರೆಯುವ ಹಾಗೆ ಬರೆದೆ. ಬಹಳ ಚುರುಕು. ಎರಡು ಭಾಷೆ ಅರ್ಥವಾಗುತ್ತದೆ. ಸಂಗೀತದಲ್ಲಿ ಒಳ್ಳೆಯ ಅಭಿರುಚಿ. ಹಿರಿಯರೆಂದರೆ ಗೌರವ. ಕೊನೆಯದು ಆಗಲೂ ನಿಜವಲ್ಲ, ಆದರೆ ಒಂದು ಸಾಲು ಜಾಗ ಉಳಿದಿತ್ತು.

ತಿಂಗಳ ನಂತರ ಉತ್ತರ ಬಂತು. ನಿಮ್ಮ ಮಗುವಿನ ಪ್ರಗತಿ ತಿಳಿದು ಸಂತೋಷವಾಯಿತು, ನೀವು ಕೊಟ್ಟ ವಿವರಗಳ ಪ್ರಕಾರ ಸದ್ಯಕ್ಕೆ ಯಾವ ನೆರವಿನ ಅಗತ್ಯವೂ ಕಾಣುವುದಿಲ್ಲ ಎಂದು. ಪತ್ರ ಎಷ್ಟು ಖಚಿತವಾಗಿತ್ತೆಂದರೆ, ಮಗಳು ಈಗ ಎದ್ದುಹೋಗಿ ನನಗೊಂದು ಲೋಟ ಕಾಫಿ ತರುತ್ತಾಳೇನೋ ಎಂದು ಒಂದು ಕ್ಷಣ ನಾನೇ ಕಾದೆ.

ಹೆಂಡತಿ ನನ್ನ ಪ್ರತಿ ತೆಗೆದು ಓದಿದಳು. "ರೀ, ಅರ್ಜಿ ಬರೀರಿ ಅಂದ್ರೆ ಜಾತಕ ಬರೆದಿದೀರಲ್ಲ! ಇನ್ನೊಂದ್ಸಲ ಕಳಿಸಿದ್ರೆ ಗಂಡಿನ ಕಡೆಯವರೇ ಬಂದು ಕೂತ್ಕೋತಾರೆ."

ಎರಡನೇ ಅರ್ಜಿ ಅವಳೇ ತುಂಬಿದಳು. ಕೂರಲು ಆಗುವುದಿಲ್ಲ, ಚಮಚ ಹಿಡಿಯಲು ಆಗುವುದಿಲ್ಲ, ನೋವಾದರೆ ಹೇಳಲು ಆಗುವುದಿಲ್ಲ. ಹತ್ತೇ ನಿಮಿಷದಲ್ಲಿ ಮುಗಿಸಿ, ಬಚ್ಚಲಿಗೆ ಹೋಗಿ, ಬಹಳ ಹೊತ್ತು ಮುಖ ತೊಳೆದುಕೊಂಡಳು. ಅರ್ಜಿ ಮಂಜೂರಾಯಿತು. ಅಂದಿನಿಂದ ಸರ್ಕಾರಕ್ಕೆ ಬರೆಯುವ ಖಾತೆ ನನ್ನ ಕೈತಪ್ಪಿದೆ. ಈಗ ನನ್ನದು ಸಹಿ ಮಾತ್ರ, ಅದೂ ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ.

ಇನ್ನೂ ಇದೆಯೇ?

ಒಂದು ವರ್ಷ, ಮಗುವಿನ ತೊಂದರೆ ಈಗಲೂ ಮುಂದುವರಿದಿದೆಯೇ ಎಂದು ಕೇಳಿ ಕಾಗದ ಬಂತು. ಸೆರೆಬ್ರಲ್ ಪಾಲ್ಸಿ ಎನ್ನುವುದು ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ, ನವೀಕರಿಸದಿದ್ದರೆ ರದ್ದಾಗುತ್ತದೆ ಎಂದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ.

ಇದ್ದದ್ದು ಇದ್ದ ಹಾಗೇ ಇದೆ ಎಂದು ತಿಳಿಸಲು ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಮುಖ್ಯ ಎಂದು ಹೇಳಿ ಸಂಗೀತ ಹಾಕಿದರು. ಒಂದು ಪಿಯಾನೋ, ನಾಲ್ಕೇ ಸ್ವರ, ಸುತ್ತಿ ಸುತ್ತಿ ಅದೇ. ನಾನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯತೊಡಗಿದೆ. ಅರ್ಧ ಗಂಟೆಯ ಮೇಲೆ ತಿರುಗಿ ನೋಡಿದರೆ ಮಗಳು ಕುರ್ಚಿಯಲ್ಲಿ ತಲೆ ತೂಗುತ್ತಾ ಕಣ್ಣು ಮುಚ್ಚಿ ನಗುತ್ತಿದ್ದಾಳೆ. ಅಷ್ಟು ದುಡ್ಡು ಕೊಟ್ಟು ಕರೆದುಕೊಂಡು ಹೋದ ಸಂಗೀತ ಕಚೇರಿಯಲ್ಲಿ ಅವಳು ಎರಡನೇ ಕೀರ್ತನೆಗೇ ಆಕಳಿಸಿದ್ದಳು.

ಐವತ್ತು ನಿಮಿಷಕ್ಕೆ ಸಂಗೀತ ನಿಂತು ಒಬ್ಬಾಕೆ "ಹಲೋ" ಎಂದಳು. ಮಗಳು ಕಿಟಕಿ ಗಾಜು ನಡುಗುವ ಹಾಗೆ ಕಿರುಚಿದಳು.

"ಅಯ್ಯೋ, ಮಗುವಿಗೆ ಏನಾಯಿತು?" ಎಂದು ಆಕೆ ಗಾಬರಿಯಾದಳು.

"ಏನಿಲ್ಲ," ಎಂದೆ. "ನೀವು ಫೋನ್ ಎತ್ತಿದಿರಿ."

ಆಕೆ ಕ್ಷಮೆ ಕೇಳಿ, ಕಡತ ಹುಡುಕುವ ನೆಪದಲ್ಲಿ ಮತ್ತೆ ಸಂಗೀತ ಹಾಕಿದಳು. ಸರ್ಕಾರದಿಂದ ನಮಗೆ ಅರ್ಜಿ ಇಲ್ಲದೆ ಸಿಕ್ಕ ನೆರವು ಅದೊಂದೇ.

ಅರ್ಹ ಅಭ್ಯರ್ಥಿ

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಗಣೇಶನ ಹಬ್ಬದ ಪಾಟ್‌ಲಕ್ಕಿನಲ್ಲಿ ಪರಿಚಯದವರೊಬ್ಬರು ಪುಳಿಯೋಗರೆ ತಟ್ಟೆ ಹಿಡಿದು ನನ್ನನ್ನು ಮೂಲೆಗೆ ಕರೆದರು.

"ನಿಮಗೆ ಸರ್ಕಾರದಿಂದ ಏನೋ ಬರುತ್ತಂತಲ್ಲ ಸಾರ್? ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರು, ಹೆಂಗೆ ಕೊಡ್ತಾರೆ?"

ನಮ್ಮ ನೆರವಿಗೆ ಅವರು ನೋಡುವುದು ಅಪ್ಪನ ಸಂಬಳವನ್ನಲ್ಲ, ಮಗುವಿಗೆ ಎಷ್ಟು ಸಹಾಯ ಬೇಕು ಎಂಬುದನ್ನು ಎಂದೆ. ಅವರ ಮುಖದಲ್ಲಿ ಬೆಳಕು ಮೂಡಿತು.

"ಏನೇನು ಆಗಬಾರದು?"

"ತಾನಾಗಿ ಏಳೋದು, ಸ್ನಾನ, ಊಟ, ಬಟ್ಟೆ ಹಾಕ್ಕೊಳೋದು, ಕರೆದ್ರೆ ಮಾತಾಡೋದು..."

"ಇದೆಲ್ಲಾ ನಮ್ಮ ದೊಡ್ಡ ಮಗನಿಗೆ ಇದೆ ಸಾರ್!" ಎಂದರು. ಅವನಿಗೆ ಹದಿನಾರು, ಬೇಸ್‌ಮೆಂಟಿನಲ್ಲಿ ವಾಸ. "ಎಬ್ಬಿಸದೆ ಏಳಲ್ಲ. ಹೇಳದೆ ಸ್ನಾನ ಇಲ್ಲ. ತಟ್ಟೆ ರೂಮಿಗೆ ಹೋಗಬೇಕು. ಕರೆದರೆ ತಿರುಗಿಯೂ ನೋಡಲ್ಲ. ಅಪ್ಲೈ ಮಾಡೋಕೆ ಏನು ಬೇಕು?"

"ಡಾಕ್ಟರ್ ಕಾಗದ ಬೇಕು."

ಅವರು ಎರಡು ತುತ್ತು ಪುಳಿಯೋಗರೆಯಷ್ಟು ಹೊತ್ತು ಯೋಚಿಸಿದರು.

"ಅವರಮ್ಮ ಬರೆದುಕೊಟ್ಟರೆ ನಡೆಯಲ್ವಾ?"

ಡುವಾಲಿನವಳ ವರದಿ

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಹುಬ್ಬಳ್ಳಿಯಿಂದ ಬಂದರು. ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದವರು. ಇಂಗ್ಲಿಷ್ ಅರ್ಥವಾಗುತ್ತದೆ, ಆಡುವಾಗ ಮಾತ್ರ ಬಹಳ ಮಿತವ್ಯಯ. ಬಂದ ದಿನವೇ ಡುವಾಲಿನವಳನ್ನು ಮೇಲಿನಿಂದ ಕೆಳಗಿನತನಕ ನೋಡಿ ನನ್ನನ್ನು ಕೇಳಿದರು.

"ಮನ್ಯಾಗ ನಾ ಇರಬೇಕಾದ್ರ ಈ ಹೆಣಮಗಳು ಯಾಕ್ರಿ?"

ಮೂರನೆಯ ದಿನ, ಮಗಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸಲು ಹೋಗಿ ಸೊಂಟ ಹಿಡಿಸಿಕೊಂಡ ಮೇಲೆ ಆ ಪ್ರಶ್ನೆ ಹಿಂತೆಗೆದುಕೊಂಡರು. ಡುವಾಲಿನವಳು ಮಗಳನ್ನೂ ಎತ್ತಿದಳು, ಅತ್ತೆಯನ್ನೂ ಎತ್ತಿದಳು. ಅಂದಿನಿಂದ ಅವಳಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಶುರುವಾಯಿತು. ಒಬ್ಬರು ಕನ್ನಡ ಮಾತ್ರ ಆಡುತ್ತಿದ್ದರು, ಇನ್ನೊಬ್ಬಳು ಇಂಗ್ಲಿಷ್ ಮಾತ್ರ. ಜಗಳವಿಲ್ಲದೆ ಗಂಟೆಗಟ್ಟಲೆ ನಡೆಯುತ್ತಿತ್ತು.

ಕೇರ್‌ಗಿವರ್ ಆದವಳು ಹೊರಡುವಾಗ ಫೋನಿನಲ್ಲಿ ಆ ದಿನದ ವರದಿ ಬರೆಯಬೇಕು. ಒಮ್ಮೆ ಅದು ನನ್ನ ಕಣ್ಣಿಗೆ ಬಿತ್ತು: 'ಮಗು ಎರಡು ಸಲ ಊಟ ಮಾಡಿತು. ನಾನು ಮೂರು ಸಲ. ಹೊರಡಲು ಬಿಡುತ್ತಿಲ್ಲ.'

ಅತ್ತೆಗೆ ಇದ್ದದ್ದು ಒಂದೇ ದೂರು. "ಟ್ಯಾಬ್ಲೆಟ್ಟಿನ್ಯಾಗ ನನ್ನ ಮೊಮ್ಮಗಳು ಯಾವಳೋ ಇಂಗ್ಲಿಷ್ ಹೆಂಗಸಿನ ದನಿಯಾಗ ಮಾತಾಡ್ತಾಳಲ್ರಿ!" ಹೆಂಡತಿ ಅದರಲ್ಲೊಂದು ಕನ್ನಡ ಪುಟ ಮಾಡಿಕೊಟ್ಟಳು. ಅತ್ತೆ ತಮ್ಮ ದನಿಯಲ್ಲೇ ಒಂದೊಂದು ಗುಂಡಿಗೂ ಮಾತು ತುಂಬಿದರು. "ನೀರ ಬೇಕು." "ಸಾಕು." "ಹೊರಗ ಹೋಗೂಣು." ರಜೆಯ ದಿನ ಮಧ್ಯಾಹ್ನ ನಾವು ಆಡುವ ಚೌಕಾಬಾರದಲ್ಲಿ ನಾನು ಕವಡೆ ಎಣಿಸುವಾಗ ಮೋಸ ಮಾಡುತ್ತೇನೆಂಬ ಗುಮಾನಿ ಅವರಿಗೆ. ಅದಕ್ಕೆಂದೇ ಇನ್ನೊಂದು ಗುಂಡಿ, ಇಡೀ ತರಗತಿಗೆ ಕೇಳಿಸುವ ಟೀಚರ್ ದನಿಯಲ್ಲಿ: "ಸುಳ್ಳ ಹೇಳಬ್ಯಾಡ!"

ಮಗಳು ನೀರು ಕೇಳುವುದನ್ನು ಬಿಟ್ಟು ಆ ಗುಂಡಿಯನ್ನೇ ಒತ್ತತೊಡಗಿದಳು. ಅಳಿಯನಿಗೆ ನೇರವಾಗಿ ಬೈಯುವಂತಿಲ್ಲವೆಂದು ಹಲ್ಲು ಕಚ್ಚಿಕೊಂಡಿದ್ದ ಅತ್ತೆಗೆ, ಸರ್ಕಾರ ಕೊಡಿಸಿದ ಯಂತ್ರದಿಂದ ಮೊದಲ ಪ್ರಯೋಜನ ಸಿಕ್ಕಿತು.

ದೀಪ ಹಚ್ಚುವ ಹೊತ್ತು

ಡಿಸೆಂಬರಿನಲ್ಲಿ ಪರಿಶೀಲನೆಯ ದಿನ ಗೊತ್ತಾಯಿತು. ಕೇಸ್ ಮ್ಯಾನೇಜರ್ ಹೊಸಬಳು, ಮಗಳನ್ನು ಒಮ್ಮೆಯೂ ನೋಡಿದವಳಲ್ಲ. ಮನೆಯಲ್ಲಿರುವ ಎಲ್ಲರ ಮಾತನ್ನೂ ಕೇಳಬೇಕು ಎಂದಿದ್ದಳು. ಹೆಂಡತಿಗೆ ಆ ದಿನ ತಪ್ಪಿಸಲಾಗದ ಮೀಟಿಂಗು. ಹೊರಡುವಾಗ ಎಚ್ಚರಿಸಿದಳು. "ಅಮ್ಮನ್ನ ನೋಡ್ಕೊಳ್ಳಿ. ನಿಮ್ಮನ್ನೂ ನೋಡ್ಕೊಳ್ಳಿ."

ನಾನು ಅತ್ತೆಯನ್ನು ಕೂರಿಸಿಕೊಂಡು ವಿವರಿಸಿದೆ. "ಸುಳ್ಳು ಏನೂ ಹೇಳೋದು ಬೇಡ ಅತ್ತೆ. ಇದ್ದದ್ದನ್ನ ಇದ್ದ ಹಾಗೆ ಹೇಳಿ. ಅವಳಿಗೆ ಏನು ಬರಲ್ಲ ಅಂತ ಕೇಳ್ತಾರೆ, ಬರಲ್ಲ ಅನ್ನಿ. ಬಡಾಯಿ ಬೇಡ."

"ಎಷ್ಟಕ್ಕ ಬರ್ತಾಳ್ರಿ ಅಕಿ?"

"ಸಾಯಂಕಾಲ ನಾಲ್ಕಕ್ಕೆ."

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಡಿಸೆಂಬರಿನಲ್ಲಿ ನಮ್ಮಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮನೆಗೆ ಹೋಗಿರುತ್ತಾನೆ. "ದೀಪ ಹಚ್ಚೂ ಹೊತ್ತಿನಾಗ ಅಸ್ತು ದೇವತಿಗಳು ಅಡ್ಡಾಡ್ತಿರ್ತಾರ. ಏನಂದ್ರೂ ಅಸ್ತು ಅಂದಬಿಡ್ತಾರ. ಕೂಸಿಗೆ ನಡೀಲಿಕ್ಕೆ ಬರಂಗಿಲ್ಲ ಅಂತ ನನ್ನ ಬಾಯಿಂದ ಆ ಹೊತ್ತಿನಾಗ ಅನ್ನಸ್ತೀರೇನು?"

"ಇದು ಅಮೆರಿಕ ಅತ್ತೆ."

"ಆಕಾಶಕ್ಕ ವೀಸಾ ಬೇಕೇನ್ರಿ?"

ಸಮಯ ಬದಲಿಸಲು ಫೋನ್ ಮಾಡಿದೆ. ಕಾರಣ ಏನು ಎಂದರು. ಸಂಜೆಯ ಹೊತ್ತು ದೇವತೆಗಳ ಓಡಾಟವಿದೆ ಎನ್ನುವಷ್ಟು ಧೈರ್ಯ ನನಗೆ ಬರಲಿಲ್ಲ.

ಕೇಸ್ ಮ್ಯಾನೇಜರ್ ನಾಲ್ಕಕ್ಕೆ ಸರಿಯಾಗಿ ಬಂದಳು. ಒಳ್ಳೆಯ ಹೆಂಗಸು. ಮಗಳ ಪಕ್ಕದಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದು, ಮೊದಲು ಅಜ್ಜಿಯನ್ನೇ ಕೇಳಿದಳು.

"ಮೊಮ್ಮಗಳು ತಾನಾಗಿ ಊಟ ಮಾಡುತ್ತಾಳೆಯೇ?"

ಅತ್ತೆ ಕಿಟಕಿಯ ಕಡೆ ನೋಡಿದರು. ಹೊರಗೆ ಕತ್ತಲಾಗುತ್ತಿತ್ತು. "ಯೆಸ್," ಎಂದರು. "ವೆರಿ ಗುಡ್."

"ಸ್ನಾನ?"

"ವೆರಿ ವೆರಿ ಗುಡ್."

"ಓಡಾಟ?"

"ಫಸ್ಟ್ ಕ್ಲಾಸ್."

ಆಕೆ ಬೇಗ ಬೇಗ ಟೈಪ್ ಮಾಡುತ್ತಿದ್ದಳು. ಒಂದೊಂದು 'ಗುಡ್'ಗೂ ಡುವಾಲಿನ ಕಾರು ಒಂದೊಂದು ಮೈಲಿ ಹಿಂದಕ್ಕೆ ಹೋಗುವುದು ನನಗೆ ಕಾಣುತ್ತಿತ್ತು. "ಅದು ಹಾಗಲ್ಲ..." ಎಂದು ಬಾಯಿ ಹಾಕಿದೆ. "ನಿಮ್ಮ ಸರದಿ ಆಮೇಲೆ," ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಡುವಾಲಿನವಳು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟಳು.

"ಬಟ್ಟೆ ತಾನೇ ಹಾಕಿಕೊಳ್ಳುತ್ತಾಳೆಯೇ?"

"ಯೆಸ್, ಯೆಸ್..."

"ಸುಳ್ಳ ಹೇಳಬ್ಯಾಡ!"

ಕೋಣೆಯಲ್ಲಿ ಎಲ್ಲರೂ ಅತ್ತೆಯ ಕಡೆ ನೋಡಿದರು, ಏಕೆಂದರೆ ದನಿ ಅವರದೇ. ಅತ್ತೆ ಮಾತ್ರ ಮೊಮ್ಮಗಳ ಕಡೆ ನೋಡುತ್ತಿದ್ದರು. ಅವಳ ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಅಜ್ಜಿ ಏನೆಂದರು?" ಕೇಸ್ ಮ್ಯಾನೇಜರ್ ನನ್ನನ್ನು ಕೇಳಿದಳು.

"ಸುಳ್ಳು ಹೇಳಬೇಡ ಅಂದರು."

"ಯಾರಿಗೆ?"

"ಅವರಿಗೇ," ಎಂದು ಗುಂಡಿಯ ಮೇಲಿದ್ದ ಮಗಳ ಬೆರಳು ತೋರಿಸಿದೆ.

ಆಕೆ ಟೈಪ್ ಮಾಡುವುದನ್ನು ನಿಲ್ಲಿಸಿದಳು. ನಾನು ಅತ್ತೆಗೆ ಮೆಲ್ಲಗೆ ಹೇಳಿದೆ. "ಅತ್ತೆ, ಇದು ಹೀಗೇ ಹೋದರೆ ನಾಳೆಯಿಂದ ಡುವಾಲಿನವಳು ಬರಲ್ಲ." ಅತ್ತೆ ಬಾಗಿಲ ಕಡೆ ನೋಡಿದರು. ಕಿಟಕಿಯ ಕಡೆ ನೋಡಿದರು. ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಆಮೇಲೆ ಅವರ ಮುಖ, ಕಷ್ಟದ ಲೆಕ್ಕ ಬಿಡಿಸಿದ ಟೀಚರಿನಂತಾಯಿತು.

"ಅಳಿಯಂದ್ರ, ಅಸ್ತು ದೇವತಿಗಳಿಗೆ ಇಂಗ್ಲಿಷ್ ಬರತದೇನು?"

"ಬರೋ ಹಾಗೆ ಕಾಣಲ್ಲ ಅತ್ತೆ."

ಅತ್ತೆ ಸೆರಗು ಸರಿಪಡಿಸಿಕೊಂಡು ಕೇಸ್ ಮ್ಯಾನೇಜರ್ ಕಡೆ ತಿರುಗಿದರು. "ನೋ ವಾಕ್," ಎಂದರು. "ನೋ ಬಾತ್. ನೋ ಸ್ಪೂನ್. ನೋ ಡ್ರೆಸ್. ನೈಟ್ ಟೈಮ್ ತ್ರೀ ಟೈಮ್ಸ್ ಟರ್ನಿಂಗ್. ಐ ಲಿಫ್ಟ್, ಮೈ ಬ್ಯಾಕ್ ಫಿನಿಶ್." ಡುವಾಲಿನವಳ ಕಡೆ ಕೈ ತೋರಿಸಿದರು. "ದಿಸ್ ಲೇಡಿ ಗೋ, ವೀ ಆಲ್ ಫಿನಿಶ್."

ಮಗಳು ಕಿವಿಗೊಟ್ಟು ಕೇಳಿದಳು. ಗುಂಡಿ ಒತ್ತಲಿಲ್ಲ.

ಎರಡು ವಾರಕ್ಕೆ ಕಾಗದ ಬಂತು. ಒಂದು ಗಂಟೆಯೂ ಕಡಿಮೆಯಾಗಿರಲಿಲ್ಲ. ಸಹಾಯ ಬೇಕಾದ ಕೆಲಸಗಳ ಪಟ್ಟಿ ಒಂದೂವರೆ ಪುಟ. ಅದರ ಕೆಳಗೆ 'ಸ್ವತಂತ್ರವಾಗಿ ಮಾಡಬಲ್ಲದ್ದು' ಎಂಬಲ್ಲಿ ಒಂದೇ ಒಂದು ಸಾಲಿತ್ತು. ಅದನ್ನು ಓದಿ ಅತ್ತೆಗೆ ಕನ್ನಡದಲ್ಲಿ ಹೇಳಿದೆ: 'ಮನೆಯ ಹಿರಿಯರು ಸುಳ್ಳು ಹೇಳಿದರೆ ತಕ್ಷಣ ಹಿಡಿಯುತ್ತಾಳೆ. ಇದಕ್ಕೆ ಯಾರ ಸಹಾಯವೂ ಬೇಕಿಲ್ಲ.'

ಅತ್ತೆ ಗಡಿಯಾರ ನೋಡಿದರು. ಮೂರೂವರೆ.

"ಸ್ವಲ್ಪ ತಡೀರಿ," ಎಂದರು. "ದೀಪ ಹಚ್ಚೂ ಹೊತ್ತಾಗ್ಲಿ. ಆಮ್ಯಾಲೆ ಕಿಟಕಿ ತಗದು, ಇನ್ನೊಮ್ಮೆ ಜೋರಾಗಿ, ಕನ್ನಡದಾಗ ಓದ್ರಿ."