ಕಂಬಳಿಯೊಳಗಿನ ಆಫೀಸು

ಇನ್ನು ಮುಂದೆ ನೆಮ್ಮದಿಯೆಂದರೆ ಏನೆಂದು ಇಡೀ ಸುರಪುರಕ್ಕೆ ತೋರಿಸುತ್ತೇನೆ ಎಂದು ಘೋಷಿಸಿದ ಮಹಾಪುರುಷ ನಾನು, ಶಹಾಪುರದ ಕಾಲುವೆ ಕಚೇರಿಯ ಗುಮಾಸ್ತ ಖಂಡಪ್ಪ. ಕಂಪ್ಯೂಟರ್ ಕೆಲಸದವರು ವಾರದಲ್ಲಿ ಮೂರು ದಿನ ಮನೆಯಿಂದಲೇ ದುಡಿಯಬಹುದೆಂದು ಸಾಹೇಬರು ಅಪ್ಪಣೆ ಕೊಟ್ಟಿದ್ದರು. ಸಿಬ್ಬಂದಿಯ ಆರೋಗ್ಯ ಸುಧಾರಿಸಿದರೆ ಮುಂದುವರಿಕೆ, ಇಲ್ಲದಿದ್ದರೆ ರದ್ದು. ದಿನವೂ ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಜೋತಾಡಿ ಏರಿಸಿಕೊಂಡ ಬಿ.ಪಿ. ಇನ್ನು ಸರ್ರನೆ ಇಳಿಯುತ್ತದೆ ಎಂದು ಹೆಂಡತಿ ಕರೆಮ್ಮನ ಮುಂದೆ ಎದೆಯುಬ್ಬಿಸಿದೆ.

"ಇಳದು ಯಾರ ಮೈಯಾಗ ಏರತೈತೋ," ಎಂದಳು ಅವಳು.

ಮೊದಲ ದಿನ ಲುಂಗಿ ಉಟ್ಟು, ಲ್ಯಾಪ್‌ಟಾಪ್ ಹಿಡಿದು ಕಟ್ಟೆಯ ಮೇಲೆ ವಿರಾಜಮಾನನಾದೆ. ನಮ್ಮ ಓಣಿಯಲ್ಲಿ ಸರಕಾರಿ ಮನುಷ್ಯ ಹಗಲು ಮನೆಯಲ್ಲಿದ್ದರೆ ಒಂದೋ ಕಾಯಿಲೆ, ಇಲ್ಲವೇ ಸಸ್ಪೆಂಡು. ಪಕ್ಕದ ಮನೆಯ ಹಜರಾಬೀ ಗೋಡೆಯ ಮೇಲಿಂದ ಇಣುಕಿದರು.

"ಕರೆಮ್ಮಾ, ಸಾಹೇಬ್ರಿಗಿ ಸಸ್ಪೆಂಡ್ ಮಾಡ್ಯಾರೇನವಾ?"

"ಇಲ್ರಿ ಬೂಬು, ಮೈಯಾಗ ಆರಾಮಿಲ್ಲ," ಎಂದು ಕರೆಮ್ಮ ಮನೆತನದ ಮಾನ ಉಳಿಸಿದಳು.

ನಾನು ಒಳಗೆ ಓಡಿದೆ. "ಮನಿಯಿಂದನ ಕೆಲಸ ಮಾಡಾಕತ್ತಾರ ಅಂತ ಹೇಳಬಾರದೇನು?"

"ಆಫೀಸಿನ್ಯಾಗ ಕುಂತು ಮಾಡಲಾರದಾಂವ ಮನ್ಯಾಗ ಮಾಡತಾನಂದ್ರ ಯಾರು ನಂಬತಾರ್ರೀ? ಸುಮ್ನ ಮಲಕೋರಿ."

ಮಧ್ಯಾಹ್ನದ ಹೊತ್ತಿಗೆ ಓಣಿಯೇ ನನ್ನನ್ನು ನೋಡಲು ಬಂತು. ಬಾಳೆಹಣ್ಣು, ಬ್ರೆಡ್ಡು, ಅನುಕಂಪ! ಮಾರ್ಚ್ ತಿಂಗಳ ಬಿಸಿಲಲ್ಲಿ ಕಂಬಳಿ ಹೊದ್ದು, ಅದರೊಳಗೆ ಲ್ಯಾಪ್‌ಟಾಪ್ ಕೀಲಿ ಒತ್ತುತ್ತಾ ನರಳಿದೆ. ನರಳಾಟದಲ್ಲಿ ನಟನೆ ಏನೂ ಇರಲಿಲ್ಲ. ಬಂದವರಿಗೆಲ್ಲ ಕರೆಮ್ಮ ಚಹಾ ಕಾಸಿದಳು. ಮರುದಿನವೂ ಅದೇ ಜನ, ಅದೇ ಚಹಾ.

ಮೂರನೆಯ ದಿನ ಸಾಹೇಬರ ವಿಡಿಯೋ ಸಭೆ; ಕಂಬಳಿಯೊಳಗಿಂದಲೇ ಹಾಜರಾದೆ. ವಿಷಯ: ಮನೆಯಿಂದ ಕೆಲಸ ಮತ್ತು ಆರೋಗ್ಯ.

"ಹೆಂಗಿದ್ದೀರಿ ಖಂಡಪ್ಪ?"

"ಭಾಳ ಆರಾಮ ಸರ್. ಮನಿ ಶಾಂತ ಐತ್ರಿ."

ಅದೇ ಕ್ಷಣ ಬೋನಾಳದ ರೈತ ಮಾನಪ್ಪ ನನ್ನ ಕಂಬಳಿ ಎತ್ತಿದ. ಹೊಲಕ್ಕೆ ಕಾಲುವೆ ನೀರು ಯಾವಾಗ ಎಂದು ಕೇಳಲು ಬಂದವನು, ನನ್ನ ಸ್ಥಿತಿ ಕಂಡು ಕರಗಿಹೋದ. ತಿಂಥಣಿಯ ಮೌನೇಶ್ವರನ ಗುಡಿಯ ಅಂಗಾರದ ಭಸ್ಮವನ್ನು ನನ್ನ ಹಣೆಗೆ ಬಳಿದು, ಪರದೆಯಲ್ಲಿದ್ದ ಸಾಹೇಬರಿಗೆ ಕೈಮುಗಿದ.

"ಡಾಕ್ಟರ್ ಸಾಹೇಬ್ರ, ಹೆಂಗರ ಮಾಡಿ ಇವ್ರನ್ನ ಉಳಸ್ರಿ. ಇವ್ರು ಹೋದ್ರ ನಮ್ಮ ನೀರಿನ ಅರ್ಜಿ ಮತ್ತ ಮೊದಲಿಂದ ಕೊಡಬೇಕಾಗತೈತಿ."

ಸಾಹೇಬರು ಅಂಗಾರ, ಕಂಬಳಿ, ಬಾಳೆಹಣ್ಣು ಎಲ್ಲವನ್ನೂ ಶಾಂತವಾಗಿ ನೋಡಿದರು. "ಮನಿ ನಿಮಗ ಒಗ್ಗೂದಿಲ್ಲ ಖಂಡಪ್ಪ. ನಾಳಿಂದ ದಿನಾ ಆಫೀಸಿಗೆ ಬರ್ರಿ."

ಮರುದಿನ ಬಸ್ಸಿನಲ್ಲಿ ರೋಗಿಯೆಂದು ಯಾರೋ ಸೀಟು ಬಿಟ್ಟುಕೊಟ್ಟರು. ನನಗೆ ದಕ್ಕಿದ ಆರೋಗ್ಯಭಾಗ್ಯ ಅದೊಂದೇ. ಸಂಜೆ ಜೋಲು ಮುಖ ಹೊತ್ತು ಮನೆಗೆ ಬಂದಾಗ ಹಜರಾಬೀ ಗೋಡೆಯ ಮೇಲಿಂದ ಕೇಳಿದರು, "ಈಗ ಮೈಗಿ ಹೆಂಗೈತಿ?"

ನನ್ನ ಬಗ್ಗೆ ಕಾಳಜಿಯುಳ್ಳವರು ಒಬ್ಬರಾದರೂ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. "ಪರವಾಗಿಲ್ರಿ ಬೂಬು, ನಡದೈತಿ," ಎಂದೆ.

"ನಿಮಗಲ್ರಿ ಸಾಹೇಬ್ರ, ಕರೆಮ್ಮಗ ಕೇಳಾಕತ್ತೀನಿ. ಮೂರು ದಿನ ಪಾಪ, ಅರ್ಧ ಆಗ್ಯಾಳ."

ಒಳಗಿನಿಂದ ಕರೆಮ್ಮನ ದನಿ ಬಂತು, "ಇವ್ರು ಬಸ್ ಹತ್ತಿದ್ದ ತಡ, ಪೂರಾ ಆರಾಮ ಆಗೇನ್ರಿ ಬೂಬು."